ಸಹಿ ಹಾಕದ ಮೇಷ್ಟ್ರು

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದಿದ್ದೀರಿ, ಅದಕ್ಕೇ ಮೊದಲು ಥ್ಯಾಂಕ್ಸ್. ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್‌ನವರು ಅಂತ ಗೊತ್ತು. ನಾನು ಡಾಕ್ಟರು, ಆದರೆ ಸ್ಟೆತಾಸ್ಕೋಪ್ ಹಾಕ್ಕೊಂಡು ಕೂರೋ ಡಾಕ್ಟರಲ್ಲ. ಪುಣೆಯ ಒಂದು ಕಾಲೇಜಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡ್ತೀನಿ. ಒಬ್ಬ ರೋಗಿಯನ್ನಲ್ಲ, ಒಂದು ವಾರ್ಡನ್ನ, ಒಂದು ತಾಲೂಕನ್ನ ಪರೀಕ್ಷೆ ಮಾಡೋದು ನಮ್ಮ ಕೆಲಸ. ಯಾರಿಗೆ ಲಸಿಕೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ, ನೀರು ಎಲ್ಲಿ ಕೆಟ್ಟಿದೆ, ಇಂಥದ್ದು.

ಈ ಕ್ಷೇತ್ರದವರಿಗೂ ಸಂಘಗಳಿವೆ. ಕೋಲ್ಕತ್ತಾದಲ್ಲಿ ಕೇಂದ್ರ ಕಚೇರಿ ಇರೋ ಇಂಡಿಯನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್ 1956ರದ್ದು. ನಮ್ಮ ವಿಷಯದ ಅಧ್ಯಾಪಕರ ಸಂಘ ಐಎಪಿಎಸ್‌ಎಂ 1974ರದ್ದು. ಇವುಗಳ ಪದಾಧಿಕಾರಿಗಳಿಗೆ ಸಂಬಳ ಇಲ್ಲ. ಡ್ಯೂಟಿ ಮುಗಿಸಿ, ಊಟ ಮಾಡಿ, ರಾತ್ರಿ ಲ್ಯಾಪ್‌ಟಾಪ್ ತೆಗೆದು ಮಾಡೋ ಕೆಲಸ. ಮನೇಲಿ ಕೇಳ್ತಾರೆ: "ದುಡ್ಡೂ ಇಲ್ಲ, ನಿದ್ದೆನೂ ಇಲ್ಲ, ಯಾಕ್ರೀ ಇದು?"

ಯಾಕೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ನಮ್ಮ ದೇಶದಲ್ಲಿ ನಾಯಿ ಕಚ್ಚಿ ರೇಬೀಸ್‌ನಿಂದ ವರ್ಷಕ್ಕೆ ಎಷ್ಟು ಜನ ಸಾಯ್ತಾರೆ? ನಂಬೋಕಾಗೋ ಲೆಕ್ಕ ಇರಲಿಲ್ಲ. 2003ರಲ್ಲಿ ರೇಬೀಸ್ ತಡೆಗಾಗಿ ಇರೋ ವೈದ್ಯರ ಸಂಘ ಎಪಿಸಿಆರ್‌ಐ, ಬೆಂಗಳೂರಿನ ಡಾ. ಎಂ. ಕೆ. ಸುದರ್ಶನ್ ಅವರ ಮುಂದಾಳತ್ವದಲ್ಲಿ, 21 ವೈದ್ಯಕೀಯ ಕಾಲೇಜುಗಳನ್ನ ಸೇರಿಸಿಕೊಂಡು ಸಮೀಕ್ಷೆ ಮಾಡ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿತ್ತು. ವರ್ಷಕ್ಕೆ ಸುಮಾರು 20,000 ಸಾವು ಅನ್ನೋ ಅಂದಾಜು ಬಂದದ್ದು ಅಲ್ಲಿಂದ. ಆಮೇಲೆ ಎಷ್ಟೋ ವರ್ಷ ಎಲ್ಲರೂ ಹೇಳ್ತಿದ್ದದ್ದು ಅದೇ ಅಂಕಿ. ಸಂಘ ಅಂದ್ರೆ ಸ್ಟೇಜು, ಶಾಲು, ಮೊಮೆಂಟೋ ಮಾತ್ರ ಅಲ್ಲ. ಯಾರೂ ಎಣಿಸದೇ ಇರೋದನ್ನ ಎಣಿಸೋ ಜಾಗವೂ ಹೌದು.

ಇಷ್ಟು ದೊಡ್ಡ ಮಾತು ಆಡೋ ನಾನೇ ಒಮ್ಮೆ ಎಣಿಸದೇ ಬಿಟ್ಟೆ. ಇವತ್ತು ಹೇಳೋಕೆ ಬಂದಿರೋದು ಅದನ್ನೇ.

ಕೆಲವು ವರ್ಷದ ಹಿಂದೆ ಇಂಥ ಒಂದು ಸಂಘದ ನಮ್ಮ ಕಡೆಯ ಶಾಖೆಗೆ ನಾನು ಕಾರ್ಯದರ್ಶಿ. ಹೊಸಬರಿಗೆ ಮೆಂಟರಿಂಗ್ ಅಂತ ಒಂದು ಯೋಜನೆ ಶುರು ಮಾಡಿದ್ವಿ. ಎಂಡಿ ಓದ್ತಾ ಇರೋರಿಗೆ ಒಬ್ಬೊಬ್ಬ ಹಿರಿಯರು. ಷರತ್ತು ಒಂದೇ: ಇಬ್ಬರೂ ಬೇರೆ ಬೇರೆ ಕಾಲೇಜಿನವರಾಗಿರಬೇಕು. ಕಾರಣ ನಿಮಗೆ ಬೇಗ ಅರ್ಥ ಆಗುತ್ತೆ. ನಿಮ್ಮ ಅಪ್ರೈಸಲ್ ಬರೆಯೋ ಮ್ಯಾನೇಜರ್ ಹತ್ತಿರ "ಸಾರ್, ನೀವು ಕ್ಲೈಂಟ್‌ಗೆ ತೋರಿಸಿದ ನಂಬರ್ ತಪ್ಪು" ಅಂತ ಹೇಳ್ತೀರಾ? ಹಾಗೇ, ಥೀಸಿಸ್‌ಗೆ ಸಹಿ ಹಾಕೋ ಗೈಡ್ ಹತ್ತಿರ ಎಲ್ಲಾ ಮಾತೂ ಆಡೋಕಾಗಲ್ಲ. ಸಹಿ ಹಾಕದೇ ಇರೋ ಒಬ್ಬ ಮೇಷ್ಟ್ರು ಬೇಕು. ಮೆಂಟರ್‌ಗೆ ಇರೋ ಬೆಲೆಯೆಲ್ಲ ಅಷ್ಟೇ, ಅವನ ಕೈಯಲ್ಲಿ ನಿಮ್ಮ ಜುಟ್ಟು ಇರಲ್ಲ.

ನನಗೆ ಸಿಕ್ಕಿದ್ದು ವಿದರ್ಭದ ಕಡೆಯ ಹುಡುಗಿ. ಚುರುಕು. ಆ ವರ್ಷ ನಮ್ಮ ಶಾಖೆಯ ಸಮ್ಮೇಳನ ಇತ್ತು. ನಾನೇನು ಮಾಡಿದೆ? ಮೆಂಟರಿಂಗ್ ಹೆಸರಲ್ಲಿ ಅವಳಿಗೆ ಬ್ಯಾಡ್ಜ್ ಪ್ರಿಂಟಿಂಗು, ಊಟದ ಕೂಪನ್ನು, ಅತಿಥಿಗಳನ್ನ ಸ್ಟೇಷನ್ನಿಂದ ಕರ್ಕೊಂಡು ಬರೋದು ಒಪ್ಪಿಸಿದೆ. "ಕಲೀತಾಳೆ" ಅಂತ ನನಗೆ ನಾನೇ ಹೇಳ್ಕೊಂಡೆ.

ಸಮ್ಮೇಳನಕ್ಕೆ ಎರಡು ವಾರ ಇರೋವಾಗ, ರಾತ್ರಿ ಹತ್ತಕ್ಕೆ ಅವಳ ಫೋನು.

"ಸರ್, ನನ್ನ ಏರಿಯಾದಲ್ಲಿ ದಡಾರದ ಲಸಿಕೆ ನೂರಕ್ಕೂ ಜಾಸ್ತಿ ಪರ್ಸೆಂಟ್ ತೋರಿಸ್ತಿದೆ. ಆದ್ರೆ ಕನ್‌ಸ್ಟ್ರಕ್ಷನ್ ಸೈಟಿನ ಹಿಂದೆ ತಗಡಿನ ಶೆಡ್‌ಗಳಿವೆ. ಅಲ್ಲಿನ ಮಕ್ಕಳು ಯಾರ ಪಟ್ಟಿಯಲ್ಲೂ ಇಲ್ಲ."

ನೂರಕ್ಕಿಂತ ಜಾಸ್ತಿ ಹೇಗೆ ಅಂತ ನೀವು ಕೇಳಬಹುದು. ಛೇದ ತಪ್ಪಾದ್ರೆ ಆಗುತ್ತೆ. ಮಕ್ಕಳು ಎಷ್ಟಿದ್ದಾರೆ ಅನ್ನೋದು 2011ರ ಜನಗಣತಿಯಿಂದ ಮಾಡಿದ ಅಂದಾಜು. ಊರು ಅದಕ್ಕಿಂತ ಎಷ್ಟೋ ಬೆಳೆದುಬಿಟ್ಟಿದೆ. ಅಕ್ಕಪಕ್ಕದ ಏರಿಯಾದವರೂ ಅದೇ ಕೇಂದ್ರಕ್ಕೆ ಬಂದು ಹಾಕಿಸ್ಕೊಂಡ್ರೆ ಮೇಲಿನ ಅಂಕಿ ಏರುತ್ತೆ, ಕೆಳಗಿನದು ಹಾಗೇ ಇರುತ್ತೆ. ಶೆಡ್ಡಿನ ಮಗು ಮೇಲೂ ಇಲ್ಲ, ಕೆಳಗೂ ಇಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು.

ನಾನು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಗೈಡ್‌ಗೆ ಹೇಳಿದ್ಯಾ?"

"ಇಲ್ಲ ಸರ್. ಅದಕ್ಕೇ ನಿಮಗೆ ಫೋನ್ ಮಾಡ್ದೆ."

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. "ಸಮ್ಮೇಳನ ಮುಗೀಲಿ, ನೋಡೋಣ. ಅಂದ ಹಾಗೆ, ಬ್ಯಾಡ್ಜ್ ಪ್ರೂಫ್ ಬಂತಾ?" ಅಂದೆ.

ಸಮ್ಮೇಳನ ಚೆನ್ನಾಗಾಯ್ತು. ಊಟ ಇನ್ನೂ ಚೆನ್ನಾಗಿತ್ತು. ಅದಾಗಿ ಹತ್ತು ದಿನಕ್ಕೆ ಆ ಶೆಡ್‌ಗಳಲ್ಲಿ ದಡಾರ ಕಾಣಿಸ್ಕೊಂಡ್ತು. ದಡಾರ ಅಂದ್ರೆ ಸುಮ್ಮನೆ ಅಲ್ಲ. ರಕ್ಷಣೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡಬಹುದು. ತಡೀಬೇಕಾದ್ರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 2022ರ ಕೊನೆಯಲ್ಲಿ ಮುಂಬೈನ ಗೋವಂಡಿ ಕಡೆ ಏನಾಯ್ತು ಅಂತ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಮಕ್ಕಳು ತೀರಿಕೊಂಡ್ರು. ನಮ್ಮ ಶೆಡ್ಡಿನ ಒಂದು ಮಗುವಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿತು. ಆಗ ನಾನು ಹೋದೆ.

ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳ್ತಾ ಇದ್ದಳು, "ಅಮ್ಮ ಬಂದಾಳ." ಕನ್ನಡ! ಯಾದಗಿರಿ ಕಡೆಯವರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ನಾಲ್ಕು ಮನೆಯವರು ಬಂದು ನಿಂತರು. "ಒಂದ್ ಸೂಜಿ ಊರಾಗ ಹಾಕ್ಸೀನ್ರಿ. ತಾಯಿ ಕಾರ್ಡ್ ಊರಾಗೇ ಅದರಿ. ಇಲ್ಲಿ ಬಂದ್ರು, ಏನೋ ಅಂದ್ರು, ನಮಗ ತಿಳೀಲಿಲ್ಲ, ಹೋದ್ರು." ಆ ಭೇಟಿಯ ಬಗ್ಗೆ ಪುಸ್ತಕದಲ್ಲಿ ಬರೆದಿದ್ದದ್ದು ಒಂದೇ ಪದ: ನಕಾರ. ಅಂದ್ರೆ, ಲಸಿಕೆ ಬೇಡ ಅಂದ್ರು ಅಂತ.

ಅವರು ಬೇಡ ಅಂದಿರಲಿಲ್ಲ, ಅವರಿಗೆ ಮಾತು ಅರ್ಥ ಆಗಿರಲಿಲ್ಲ. ಆ ಭಾಷೆ ಬರ್ತಿದ್ದ ಮನುಷ್ಯ ಫೋನಿನ ಈ ಕಡೆ ಕೂತು ಬ್ಯಾಡ್ಜ್ ಲೆಕ್ಕ ಕೇಳ್ತಿದ್ದ. ಎರಡು ವಾರ ಮುಂಚೆ ಹೋಗಿದ್ರೆ ಅಷ್ಟೂ ಮಕ್ಕಳಿಗೆ ಲಸಿಕೆ ಆಗ್ತಿತ್ತಾ? ಎಲ್ಲರಿಗೂ ಅಂತ ಹೇಳಲಾರೆ. ಕೆಲವರಿಗಂತೂ ಆಗ್ತಿತ್ತು. ಮಗು ಉಳೀತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಆ ಹುಡುಗಿ ಮೇಲೆ ಅವಳ ವಿಭಾಗದವರು ಸಿಟ್ಟಾದರು, "ಹೊರಗಿನವರಿಗೆ ಯಾಕೆ ಹೇಳಿದೆ" ಅಂತ. ನಾನು ಹೋಗಿ, ಅವಳು ಹೇಳಿದ್ದು ಹೊರಗಿನವನಿಗಲ್ಲ, ಮೆಂಟರ್‌ಗೆ, ಕೇಳಿಸಿಕೊಳ್ಳದ ತಪ್ಪು ನನ್ನದು ಅಂತ ಲಿಖಿತವಾಗಿ ಕೊಟ್ಟೆ. ಎರಡು ತಿಂಗಳು ಅವಳಿಗೆ ಕಷ್ಟದ್ದೇ. ನನ್ನ ಹತ್ತಿರವೂ ಮೊದಲಿನಂತೆ ಮಾತಾಡೋಕೆ ಸುಮಾರು ದಿನ ಬೇಕಾಯ್ತು. ಕೇಳಿದ ಕ್ಷಮೆಗೆ "ಪರವಾಗಿಲ್ಲ ಸರ್" ಅಂದಳು. ಆ "ಪರವಾಗಿಲ್ಲ"ದ ಅರ್ಥ ನಿಮಗೂ ಗೊತ್ತಿದೆ.

ಆಮೇಲೆ ಶಾಖೆಯಲ್ಲಿ ಮೂರು ಬದಲಾವಣೆ ಮಾಡ್ಕೊಂಡ್ವಿ. ಮೆಂಟರ್ ಆದವರು ತಮ್ಮ ಶಿಷ್ಯರಿಗೆ ಸಂಘದ ಓಡಾಟದ ಕೆಲಸ ಹೇಳೋ ಹಾಗಿಲ್ಲ. ಕೂಪನ್ ಹಂಚೋಕೆ ನಾವೂ ಇದ್ದೀವಿ. ಫೋನ್ ಬಂದ್ರೆ, ಮಾರನೇ ದಿನದೊಳಗೆ "ಇಂಥದ್ದು ಮಾಡೋಣ" ಅಂತ ಒಂದು ಉತ್ತರ ಕೊಡಬೇಕು, ಅದು "ನನಗೆ ಗೊತ್ತಿಲ್ಲ, ಗೊತ್ತಿರೋರ ನಂಬರ್ ಇದು" ಅಂತಾದ್ರೂ ಸರಿ. ಮತ್ತೆ, ಒಂದೇ ಕುರ್ಚಿಯಲ್ಲಿ ಎರಡು ಅವಧಿಗಿಂತ ಹೆಚ್ಚು ಕೂರಬಾರದು. ಕೊನೇದಕ್ಕೆ ಹಿರಿಯರಿಂದ ಜೋರು ವಿರೋಧ ಬಂತು. ಹಂಗಾಗಿ ಮೊದಲು ನಾನೇ ಎದ್ದೆ. ಎಲ್ಲಾ ಜೋಡಿಗಳೂ ಕೂಡಿ ಬರಲಿಲ್ಲ. ಒಬ್ಬ ಹುಡುಗ ಎರಡು ಸಲ ಫೋನ್ ಮಾಡಿ ನಿಲ್ಲಿಸಿಬಿಟ್ಟ. ಯಾಕೆ ಅಂತ ಇವತ್ತಿಗೂ ಹೇಳಿಲ್ಲ.

ಶೆಡ್‌ಗಳ ಪಟ್ಟಿ ಮಾಡೋ ಕೆಲಸವನ್ನ ಅವಳೇ ಮುಂದೆ ನಿಂತು ನಡೆಸಿದಳು. ಮುಂದಿನ ಸಮ್ಮೇಳನದಲ್ಲಿ ಅದನ್ನ ಮಂಡಿಸಿದಳು. ನಾನು ಹಿಂದಿನ ಸಾಲಲ್ಲಿ ಕೂತಿದ್ದೆ. ಪಟ್ಟಿ ಮಾಡೋಕೆ ಭಾನುವಾರ ಜೊತೆಗೆ ಬಂದದ್ದು ನಿಮ್ಮಂಥ ಮೂರು ಜನ ಐಟಿಯವರು. ಅವರು ಆ್ಯಪ್ ಏನೂ ಮಾಡಲಿಲ್ಲ. ಶೆಡ್ಡಿನ ಮುಂದೆ ಕೂತು ಕನ್ನಡದಲ್ಲಿ ಕೇಳಿದ್ರು, "ಅಕ್ಕಾ, ಮಕ್ಳೆಷ್ಟು? ಸೂಜಿ ಯಾವಾಗ ಹಾಕ್ಸಿದ್ರಿ?" ಬರ್ಕೊಂಡ್ರು.

ನಿಮ್ಮ ಟವರಿನ ಹಿಂದೆಯೂ ಅಂಥ ಶೆಡ್‌ಗಳಿರಬಹುದು. ಹತ್ತಿರದ ಆರೋಗ್ಯ ಕೇಂದ್ರದ ನರ್ಸನ್ನ ಕೇಳಿ, ಲಸಿಕೆ ಹಾಕೋ ದಿನ ಯಾವುದು, ಕನ್ನಡದಲ್ಲಿ ಮಾತಾಡೋರು ಬೇಕಾ ಅಂತ. ಇನ್ನೊಂದು ಮಾತು: ನಿಮ್ಮ ಟೀಮಿನಲ್ಲೋ ಪಕ್ಕದ ಟೀಮಿನಲ್ಲೋ ಯಾರಾದರೂ ಜೂನಿಯರ್ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ರೆ, "ನಿಮ್ಮ ಮ್ಯಾನೇಜರ್‌ಗೆ ಹೇಳಿದ್ಯಾ?" ಅನ್ನೋದನ್ನ ಮೊದಲ ಪ್ರಶ್ನೆ ಮಾಡ್ಕೊಬೇಡಿ. ಹೇಳೋಕಾಗಿದ್ರೆ ನಿಮಗೆ ಯಾಕೆ ಫೋನ್ ಮಾಡ್ತಿದ್ರು?