ಹಾಜರಿ ಪುಸ್ತಕವೂ ಜನರ ನಡತೆಯೂ

(ಕುರುಬರಹಳ್ಳಿಯಲ್ಲಿ ಉಪಾಧ್ಯಾಯರ ಕೂಟದ ಮುಂದೆ ಮಾಡಿದ ಭಾಷಣ)



ಇಂದಿನ ಮಾತನ್ನು ನಾವು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ವಕೀಲಿ ವೃತ್ತಿಯವರಾದ ನಮಗೆ ಇದು ಸುಲಭವಾದ ಕಾರ್ಯವಲ್ಲ. ತಪ್ಪನ್ನು ಅವಸರದಿಂದ ಒಪ್ಪಿಕೊಳ್ಳಬೇಡಿರೆಂದು ಕಕ್ಷಿದಾರರಿಗೆ ಹೇಳಿಯೇ ನಾವು ಅನ್ನ ಉಣ್ಣತಕ್ಕವರು.

ಕಳೆದ ವರ್ಷ ನಾವೂ ಕೆಲವು ಮಿತ್ರರೂ ಸೇರಿ ಇದೇ ಕುರುಬರಹಳ್ಳಿಯಲ್ಲಿ ಸಂಜೆಯ ತರಗತಿಯೊಂದನ್ನು ತೆರೆದೆವು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಓದು ಬರಹವನ್ನೂ, ಸಂಬಳದ ಚೀಟಿಯನ್ನು ತಾವೇ ಓದಿಕೊಳ್ಳುವ ಕ್ರಮವನ್ನೂ, ಪಿ.ಎಫ್. ಲೆಕ್ಕವನ್ನೂ ಕಲಿಸಬೇಕೆಂಬುದು ಉದ್ದೇಶವಾಗಿತ್ತು. ಮೊದಲ ಕೆಲವು ದಿನ ಕೊಠಡಿಯಲ್ಲಿ ಕೂರಲು ಸ್ಥಳವಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಅನೇಕ ಸಂಜೆ ಹತ್ತು ಮಂದಿಯೂ ಬರದಾದರು. ಆಗ ನಾವು, ಮುಂದಾಳುಗಳೆನಿಸಿಕೊಂಡವರೆಲ್ಲ ಮಾಡತಕ್ಕದ್ದನ್ನೇ ಮಾಡಿದೆವು: ಒಂದು ಭಾಷಣ ಮಾಡಿದೆವು. ಬಂದಿದ್ದವರನ್ನು ಕೂರಿಸಿಕೊಂಡು, ಬಾರದವರ ಅಶ್ರದ್ಧೆಯನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದೆವು. ನಮ್ಮ ಜನರಿಗೆ ವಿದ್ಯೆಯ ಹಸಿವಿಲ್ಲವೆಂದೂ, ಹಸಿವಿಲ್ಲದವರಿಗೆ ಬಡಿಸುವುದು ವ್ಯರ್ಥವೆಂದೂ ನುಡಿದ ನೆನಪು.

ತರಗತಿಯನ್ನು ನಡೆಸುತ್ತಿದ್ದ ಉಪಾಧ್ಯಾಯಿನಿಯವರು ನಮ್ಮ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಬಳಿಕ ಹಾಜರಿ ಪುಸ್ತಕವನ್ನು ಮುಂದಿಟ್ಟರು. “ಒಂದು ದಿನ ಬಿಟ್ಟು ಒಂದು ದಿನ ನೋಡಿ, ಸಾರ್” ಎಂದರು. ನೋಡಿದೆವು. ಒಂದು ಸಂಜೆ 28, ಮರುಸಂಜೆ 9, ಅದರ ಮರುಸಂಜೆ 27. ಈ ಬೀದಿಗಳ ನಲ್ಲಿಗಳಿಗೆ ಕಾವೇರಿ ನೀರು ಬಿಡುವ ಸಂಜೆಗಳಲ್ಲಿ ತರಗತಿಯು ಬರಿದು; ಬಿಡದ ಸಂಜೆಗಳಲ್ಲಿ ಭರ್ತಿ. ಮುಕ್ಕಾಲು ಗಂಟೆ ನಾವು ಖಂಡಿಸಿದ ಆ ಅಶ್ರದ್ಧೆಯು ನೀರು ಹಿಡಿಯತಕ್ಕ ಕೆಲಸವಾಗಿತ್ತು.

ಮನುಷ್ಯನ ನಡತೆಯನ್ನು ಶಾಸ್ತ್ರದಿಂದ ಅರಿಯುವುದೆಂದರೆ ಇಷ್ಟೇ. ನೋಡುವುದು, ಎಣಿಸುವುದು, ಒಂದನ್ನು ಮತ್ತೊಂದರೊಡನೆ ಹೋಲಿಸುವುದು, ಅಲ್ಲಿಯವರೆಗೆ ತೀರ್ಪನ್ನು ತಡೆಹಿಡಿಯುವುದು. ನ್ಯಾಯಸ್ಥಾನದಲ್ಲಿ ಸಾಕ್ಷ್ಯವಿಲ್ಲದೆ ಒಂದು ಮಾತನ್ನು ಸ್ಥಾಪಿಸಲು ನಮಗೆ ಅವಕಾಶವಿಲ್ಲ. ಅಲ್ಲಿಂದ ಹೊರಬಿದ್ದೊಡನೆಯೇ ಇಡೀ ಜನಸಮುದಾಯದ ಮೇಲೆ ಸಾಕ್ಷಿಯಿಲ್ಲದ ತೀರ್ಪನ್ನು ಕೊಟ್ಟುಬಿಡುತ್ತೇವೆ!

ಈ ಶಾಸ್ತ್ರವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪಂಡಿತರಲ್ಲಿ ಅಭ್ಯಾಸ ಮಾಡಿ ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು 1924ರಲ್ಲಿಯೇ ಕಟ್ಟಿದರು. ಅವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯೆಂಬ ರೇಡಿಯೋ ಪ್ರಸಾರವನ್ನು ಆರಂಭಿಸಿದವರೆಂಬುದು ಅನೇಕರಿಗೆ ತಿಳಿದಿದೆ; ಮನಶ್ಶಾಸ್ತ್ರದ ಮಾತು ಮಾತ್ರ ಮರೆತುಹೋಗಿದೆ.

ಆದರೆ ನಾವು ಇಂದು ವಿಸ್ತಾರವಾಗಿ ಹೇಳಬೇಕೆಂದಿರುವುದು ಮಂಡ್ಯದ ಸಮೀಪದ ಎರಡು ಗ್ರಾಮಗಳ ವಿಷಯ. ವಿಯೆನ್ನಾದಲ್ಲಿ ಜನಿಸಿ, ನಾಟ್ಸಿಗಳ ಕಾಲದಲ್ಲಿ ತಾಯ್ನಾಡು ತೊರೆದು ಇಂಗ್ಲೆಂಡನ್ನು ಸೇರಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು 1950ರ ದಶಕದ ನಡುವೆ ಈ ಗ್ರಾಮಗಳಲ್ಲಿ ನೆಲೆಸಿ, ಕನ್ನಡವನ್ನು ಕಲಿತು, ಮನೆಮನೆಯ ಜಮಾಖರ್ಚನ್ನು ಬರೆದುಕೊಂಡರು. 1962ರಲ್ಲಿ ಅದು ಗ್ರಂಥವಾಗಿ ಹೊರಬಂದಿತು. ಗ್ರಾಮಸ್ಥರ ಮಾನವನ್ನು ಕಾಯುವುದಕ್ಕಾಗಿ ಗ್ರಾಮಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ನಾಮಗಳನ್ನು ಇಟ್ಟಿದ್ದಾರೆ.

ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆಯು, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯು, 1930ರ ದಶಕದಲ್ಲಿ ಆ ಸೀಮೆಗೆ ನೀರನ್ನು ತಂದಿತು. ವಂಗಲದ ಹೊಲಗಳು ನಾಲೆಗಿಂತ ತಗ್ಗಿನಲ್ಲಿದ್ದು ಗದ್ದೆಗಳಾದುವು. ದಲೇನದ ಭೂಮಿಯು ಎತ್ತರದಲ್ಲಿದ್ದುದರಿಂದ, ಸುತ್ತಮುತ್ತಲೆಲ್ಲ ಹಸುರಾದರೂ ತಾನು ಒಣಗಿಯೇ ಉಳಿಯಿತು. ಈಗ ತಾವೇ ಹೇಳಿರಿ: ಈ ಎರಡರಲ್ಲಿ ಯಾವ ಗ್ರಾಮದ ಜೀವನವು ಬದಲಾಗಿದ್ದೀತು? ನಾವಾಗಿದ್ದರೆ ನೀರು ಬಂದುದೇ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆವು.

ನಡೆದದ್ದು ಬೇರೆ. ವಂಗಲದವರು ಕಬ್ಬು ಬೆಳೆದರು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಮಾರಿದರು. ಕೈಯಲ್ಲಿ ಹಣವಾಡಿತು, ಹೊಸ ಮನೆಗಳೆದ್ದುವು, ಮದುವೆಗಳು ವಿಜೃಂಭಣೆಯಿಂದ ನಡೆದುವು. ಆದರೆ ಆ ಹಣವೆಲ್ಲವೂ ಊರಿನೊಳಗೇ, ಹಳೆಯ ಬೇಸಾಯದಿಂದಲೇ ಬರತಕ್ಕದ್ದಾಗಿತ್ತು. ಗದ್ದೆಗೆ ಆಳುಗಳು ಹೆಚ್ಚಾಗಿ ಬೇಕಾದುದರಿಂದ, ಒಕ್ಕಲಿಗರ ಮನೆಗೂ ಆದಿಕರ್ನಾಟಕರ ಮನೆಗೂ ವಂಶಪಾರಂಪರ್ಯವಾಗಿ ಬಂದಿದ್ದ ಒಡೆಯ ಆಳಿನ ಸಂಬಂಧವು ಸಡಿಲಾಗದೆ ಉಳಿಯಿತು. ದಲೇನದವರಿಗೆ ಊರಿನೊಳಗೆ ದಾರಿಯಿರಲಿಲ್ಲ. ಅವರು ಮಂಡ್ಯದಲ್ಲಿ ಕೆಲಸಕ್ಕೆ ಸೇರಿದರು. ಹಿಟ್ಟಿನ ಗಿರಣಿ, ಕಬ್ಬಿನ ಗಾಣಗಳನ್ನು ಇಟ್ಟರು. ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಹುಟ್ಟಿನಿಂದ ಬಂದ ಯಜಮಾನಿಕೆಗಿಂತ ಪಟ್ಟಣದ ಸಂಪರ್ಕವೂ ಸ್ವಂತ ಸಂಪಾದನೆಯೂ ಉಳ್ಳವನ ಮಾತಿಗೆ ಬೆಲೆ ಹೆಚ್ಚಿತು. ಹಳೆಯ ಕಟ್ಟುಗಳು ಕಳಚಿದುವು.

ಗ್ರಾಮಗಳ ನಡುವೆ ಕೆಲವೇ ಮೈಲಿ. ಭಾಷೆಯೊಂದು, ಬಲವುಳ್ಳ ಜಾತಿಯೊಂದು. ಒಂದರಲ್ಲಿ ಪೂರ್ವಾಚಾರಪರರೂ ಮತ್ತೊಂದರಲ್ಲಿ ಪ್ರಗತಿಪರರೂ ಹುಟ್ಟಿಬಂದರೆ? ಇಲ್ಲ, ನಾಲೆಯ ಮಟ್ಟವೇ ಅವರನ್ನು ಬೇರೆ ಬೇರೆ ದಾರಿಗೆ ಹಚ್ಚಿತು. ಕಳಚಿದ ಕಟ್ಟೂ ಬಡವನಿಗೆ ಕೇವಲ ಲಾಭವಾಗಿರಲಿಲ್ಲವೆಂಬುದನ್ನು ಹೇಳದೆ ಬಿಡಲಾಗದು. ಬೆಳೆ ಕೆಟ್ಟ ವರ್ಷದಲ್ಲಿಯೂ ಗೊತ್ತಾದ ಕಾಳನ್ನು ಅಳೆದು ಕೊಡಬೇಕಾಗಿದ್ದ ಒಡೆಯನ ಮನೆಯ ಆಸರೆಯು ಹಳೆಯ ಕಟ್ಟಿನೊಡನೆಯೇ ಹೋಗತಕ್ಕದ್ದು. ಬದಲಾವಣೆಯನ್ನು ಹೊಗಳುವವರು ಈ ಖರ್ಚಿನ ಕಡೆಯನ್ನೂ ಬರೆದುಕೊಳ್ಳಬೇಕು.

ಇನ್ನು ಮುಂದಾಳುತನದ ಮಾತು. ಮೈಸೂರಿನವರೇ ಆದ ಪ್ರೊಫೆಸರ್ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದು, ಅದನ್ನು ‘ರಾಂಪುರ’ವೆಂದು ಕರೆದು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರು ಕ್ರಮಪಡಿಸಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋಗಲು, ನೆನಪಿನಿಂದಲೇ ಗ್ರಂಥವನ್ನು ಬರೆದು 1976ರಲ್ಲಿ ಪ್ರಕಟಿಸಿದ ಮಹಾನುಭಾವರು ಅವರು. ‘ಪ್ರಬಲ ಜಾತಿ’ಯೆಂಬ ಮಾತು ಅವರಿಂದ ಬಂದುದು. ಆ ಹಳ್ಳಿಯ ಹಿರಿಯರು ಸರ್ಕಾರದಿಂದ ಬುಲ್ಡೋಜರನ್ನೂ ವಿದ್ಯುಚ್ಛಕ್ತಿಯನ್ನೂ ಆಸೆಯಿಂದ ಬಯಸಿದರೆಂದೂ, ಶಾಲೆಯ ವಿಷಯದಲ್ಲಿ ಅಷ್ಟು ಉತ್ಸಾಹವಿರಲಿಲ್ಲವೆಂದೂ ಶ್ರೀನಿವಾಸರು ಬರೆದಿದ್ದಾರೆ. ಬಡವರ ಮಕ್ಕಳು ಓದಿದರೆ ಗದ್ದೆಗೆ ಆಳೆಲ್ಲಿ? ಅವರು ಮಾತು ಕೇಳುವರೆ? ಉಪಾಧ್ಯಾಯ ಬಂಧುಗಳೇ, ತಮ್ಮ ಶಾಲೆಯ ಮಾಡು ಸೋರುವುದೇಕೆಂದು ತಾವು ಯೋಚಿಸಿದ್ದುಂಟೆ? ಆ ಹಿರಿಯರು ದುಷ್ಟರೆಂದು ಶ್ರೀನಿವಾಸರು ಹೇಳಲಿಲ್ಲ. ಅವರೊಡನೆ ಉಂಡು ಕೂತು ಸ್ನೇಹದಿಂದಲೇ ಇದ್ದರು. ಯಾವ ಬದಲಾವಣೆಯಿಂದ ಯಾರ ಗಂಟು ಕರಗುತ್ತದೆಂಬುದನ್ನು ಮಾತ್ರ ಗಮನಿಸಿದರು. ಇದನ್ನು ಓದಿದಂದಿನಿಂದ ನಾವು ಯಾವ ಮುಂದಾಳು ಯಾವ ಸುಧಾರಣೆಯನ್ನು ಹೊಗಳಿದರೂ, ಅವರು ಹೊಗಳದೆ ಬಿಟ್ಟುದು ಯಾವುದೆಂದು ನೋಡುವ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ. ಈ ಅಳತೆಯನ್ನು ತಾವು ನಮಗೂ ಹಿಡಿಯಬಹುದು.

ಈ ಶಾಸ್ತ್ರಕ್ಕೆ ಒಂದು ಅಪಾಯವೂ ಉಂಟು. ಜನರ ನಡತೆಯ ಗುಟ್ಟನ್ನು ಅರಿತವನು ಅವರನ್ನು ತನಗೆ ಬೇಕಾದ ಕಡೆಗೆ ತಿರುಗಿಸಲೂ ಬಲ್ಲನು. ಸರಕು ಮಾರುವವರೂ ಓಟು ಕೇಳುವವರೂ ಇದನ್ನು ನಮಗಿಂತ ಮೊದಲೇ ಕಲಿತಿದ್ದಾರೆ. ಬರೆದುಕೊಂಡ ಲೆಕ್ಕವನ್ನು ಆ ಜನರ ಮುಂದೆಯೇ, ಅವರ ಭಾಷೆಯಲ್ಲಿಯೇ ಓದಿ ಹೇಳಬಲ್ಲೆವೆ ಎಂಬುದೊಂದೇ ನಮಗೆ ತೋರುವ ಪರೀಕ್ಷೆ. ವಂಗಲದವರೂ ರಾಂಪುರದವರೂ ತಮ್ಮ ಬಾಳನ್ನು ಕನ್ನಡದಲ್ಲಿ ಹೇಳಿದರು; ಅದು ಮೊದಲು ಅಚ್ಚಾದದ್ದು ಇಂಗ್ಲಿಷಿನಲ್ಲಿ. ಇದರಿಂದ ಆ ವಿದ್ವಾಂಸರ ಹಿರಿಮೆಗೆ ಕುಂದಿಲ್ಲ. ಆದರೆ ಹೇಳಿದವನಿಗೇ ಓದಲಾಗದ ಗ್ರಂಥವನ್ನು ಕಂಡಾಗ ಕನ್ನಡಿಗರಾದ ನಮಗೆ ನೋವಾಗದೆ ಇರುವುದೆ?

ಈ ಕುರುಬರಹಳ್ಳಿಯನ್ನೇ ನೋಡಿರಿ. 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರವಾದ ಮೇಲೆ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದ ಊರಿದು. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿಯ ತಂದೆ ತಾತಂದಿರು ನೀರಿಲ್ಲದ ಹೊಲವನ್ನು ಬಿಟ್ಟು ಬಂದವರು? ಯಾವ ಊರಿನಿಂದ, ಯಾವ ವರ್ಷ, ಯಾರ ಕೈ ಹಿಡಿದು ಬಂದರು? ವಿ. ಕೆ. ಆರ್. ವಿ. ರಾಯರು 1972ರಲ್ಲಿ ಸ್ಥಾಪಿಸಿದ, ಶ್ರೀನಿವಾಸರೂ ದುಡಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯು ಇಲ್ಲಿಂದ ದೂರವಲ್ಲದ ನಾಗರಭಾವಿಯಲ್ಲಿಯೇ ಇದೆ. ಅದರ ಬಾಗಿಲಿಗೆ ಹೋಗುವ ಮೊದಲು, ತಮ್ಮ ತಮ್ಮ ತರಗತಿಯ ಮಕ್ಕಳಿಂದ ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲಿ ಬರೆಯಿಸಿ ಇಟ್ಟುಕೊಳ್ಳಬಹುದೆಂದು ನಮ್ಮ ಸೂಚನೆ.

ನಮ್ಮ ತರಗತಿಯ ಸುದ್ದಿಯನ್ನು ಹೇಳುವುದು ಉಳಿಯಿತು. ನೀರು ಬಿಡದ ಸಂಜೆಗಳಿಗೆ ಅದನ್ನು ಬದಲಾಯಿಸಿದ ಮೇಲೆ ಬಹುಮಂದಿ ಕ್ರಮವಾಗಿ ಬರುತ್ತಿದ್ದಾರೆ. ಏಳು ಮಂದಿ ಮಾತ್ರ ಇಂದಿಗೂ ಬಂದಿಲ್ಲ. ನೀರಿನ ಲೆಕ್ಕವು ಅವರಿಗೆ ಹೊಂದುವುದಿಲ್ಲ. ಕಾರಣವನ್ನು ಕೇಳುವುದಕ್ಕಾಗಿ ಉಪಾಧ್ಯಾಯಿನಿಯವರು ಬರುವ ಭಾನುವಾರ ಅವರ ಮನೆಗಳಿಗೆ ಹೋಗತಕ್ಕವರಿದ್ದಾರೆ. ನಮ್ಮನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಅಲ್ಲಿ ನಾವು ಬಾಯಿ ತೆರೆಯಕೂಡದೆಂಬ ಷರತ್ತಿನ ಮೇಲೆ.