ಕಚೇರಿಯ ಗಣಕಯಂತ್ರ ಬ್ಯಾಕಪ್ ಸರ್ವರ್‌ಗೆ ಸಿಗದಿದ್ದಾಗ

(ಸಂತೆಮರಹಳ್ಳಿ ಭಾಗದ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಒಂದು ಅಂಕಿಯ ಬೆಲೆ ಏನೆಂಬುದನ್ನು ಸಂತೆಮರಹಳ್ಳಿಗೆ ಬೇರೆಯವರು ಹೇಳಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಈ ಕ್ಷೇತ್ರದ ಫಲಿತಾಂಶವು 40,752ಕ್ಕೆ 40,751, ಅಂದರೆ ಒಂದೇ ಮತದ ಅಂತರದಿಂದ ತೀರ್ಮಾನವಾಯಿತು. ಪಂಚಾಯತಿಯ ದಾಖಲೆಗೂ ಇದೇ ಮಾತು ಸಲ್ಲುತ್ತದೆ. ಒಂದು ಪುಟ ಕಳೆದರೆ ಒಂದು ಕುಟುಂಬದ ಹಕ್ಕಿಗೆ ಆಧಾರವೇ ಇಲ್ಲವಾಗಬಹುದು.

ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳಲ್ಲಿ ನಮೂದಾದ ಮಾಹಿತಿಯು ರಾಜ್ಯ ಮಟ್ಟದ ಸರ್ವರ್‌ನಲ್ಲಿರುತ್ತದೆ. ಆದರೆ ಸ್ಕ್ಯಾನ್ ಮಾಡಿದ ನಡವಳಿ, ಗ್ರಾಮಸಭೆಯ ಅರ್ಜಿ, ಕಾಮಗಾರಿಯ ಛಾಯಾಚಿತ್ರ ಮುಂತಾದವು ಕಚೇರಿಯ ಗಣಕಯಂತ್ರದಲ್ಲಿಯೇ ಉಳಿದಿರಬಹುದು. ಇವುಗಳ ನಕಲು ಬ್ಯಾಕಪ್ ಸರ್ವರ್‌ಗೆ ಹೋಗುವ ವ್ಯವಸ್ಥೆ ಇದ್ದರೂ, ನಡುವಿನ ಸಂಪರ್ಕ ತಪ್ಪಿದರೆ ನಕಲು ನಿಂತುಹೋಗುತ್ತದೆ. ಉಳಿದ ಕೆಲಸ ಎಂದಿನಂತೆ ನಡೆಯುವುದರಿಂದ ಅದು ಯಾರ ಗಮನಕ್ಕೂ ಬಾರದು.

ದೋಷ ಹುಡುಕುವಾಗ ಈ ಕ್ರಮವನ್ನು ಅನುಸರಿಸುವುದು ಸೂಕ್ತ.

1. ವಿದ್ಯುತ್ ಮತ್ತು ಕೇಬಲ್: ಸಂಜೆ ಗಣಕಯಂತ್ರವನ್ನು ಆರಿಸಿ ಹೋದರೆ ರಾತ್ರಿಯ ಬ್ಯಾಕಪ್‌ಗೆ ಅದು ಸಿಗುವುದಿಲ್ಲ. ಅಂತಹ ಕಡೆ ಬ್ಯಾಕಪ್ ವೇಳೆಯನ್ನು ಕಚೇರಿ ಅವಧಿಗೆ ಬದಲಿಸಬೇಕು. ಕೇಬಲ್ ಸಿಕ್ಕಿಸಿದ ಜಾಗದಲ್ಲಿ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು.

2. ಐಪಿ ವಿಳಾಸ: ಅದು 169.254 ಎಂದು ಆರಂಭವಾಗಿದ್ದರೆ ಯಂತ್ರಕ್ಕೆ ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದರ್ಥ.

3. ಪಿಂಗ್: ಸರ್ವರ್‌ನ ಐಪಿ ವಿಳಾಸಕ್ಕೆ ಉತ್ತರ ಬಂದು ಅದರ ಹೆಸರಿಗೆ ಬಾರದಿದ್ದರೆ, ದೋಷವು ಹೆಸರನ್ನು ವಿಳಾಸಕ್ಕೆ ಹೊಂದಿಸುವ ಡಿಎನ್‌ಎಸ್‌ನಲ್ಲಿದೆ. ಎರಡಕ್ಕೂ ಉತ್ತರ ಬಾರದಿದ್ದ ಮಾತ್ರಕ್ಕೆ ಸಂಪರ್ಕವಿಲ್ಲ ಎನ್ನಲಾಗದು. ಕೆಲವು ಫೈರ್‌ವಾಲ್‌ಗಳು ಪಿಂಗ್ ಅನ್ನೇ ತಡೆಯುತ್ತವೆ.

4. ಪೋರ್ಟ್: ಪಿಂಗ್ ಸರಿಯಿದ್ದೂ ಬ್ಯಾಕಪ್ ನಡೆಯದಿದ್ದರೆ ಫೈರ್‌ವಾಲ್ ಪರಿಶೀಲಿಸಬೇಕು. ಅದನ್ನು ಪೂರ್ತಿ ಆರಿಸಬಾರದು. ಬೇಕಾದ ಪೋರ್ಟನ್ನು ಆ ಸರ್ವರ್‌ಗೆ ಮಾತ್ರ ತೆರೆಯಬೇಕು. ಕೆಲವು ತಂತ್ರಾಂಶಗಳಲ್ಲಿ ಸರ್ವರ್ ಗಣಕಯಂತ್ರವನ್ನೂ, ಗಣಕಯಂತ್ರ ಸರ್ವರನ್ನೂ ಸಂಪರ್ಕಿಸಬೇಕಾಗುವುದರಿಂದ ಎರಡೂ ಕಡೆಯಿಂದ ಪರೀಕ್ಷಿಸುವುದು ಅಗತ್ಯ.

ಈ ಪರೀಕ್ಷೆಗಳನ್ನು ಮಾಡುವುದು ಡಾಟಾ ಎಂಟ್ರಿ ಆಪರೇಟರ್ ಅಥವಾ ತಂತ್ರಜ್ಞರ ಕೆಲಸ. ಕೇಳುವುದು ಸದಸ್ಯರ ಕೆಲಸ. ಸಾಮಾನ್ಯ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಬಹುದು: ಕೊನೆಯ ಬ್ಯಾಕಪ್ ಯಾವ ದಿನಾಂಕದಂದು ಪೂರ್ಣಗೊಂಡಿತು? ಅದರಿಂದ ಒಂದು ಕಡತವನ್ನಾದರೂ ಮರಳಿ ತೆರೆದು ನೋಡಲಾಗಿದೆಯೇ? ಸಂಪರ್ಕ ತಪ್ಪಿದರೆ ಯಾರಿಗೆ ತಿಳಿಸಲಾಗುತ್ತದೆ?

ಮರಳಿ ತೆರೆಯಲಾಗದ ನಕಲು ನಕಲೇ ಅಲ್ಲ. ಈ ಮೂರು ಉತ್ತರಗಳು ನಡವಳಿಯಲ್ಲಿ ದಾಖಲಾದರೆ, ಯಂತ್ರ ಕೆಟ್ಟ ದಿನವೂ ಗ್ರಾಮಸ್ಥರ ದಾಖಲೆಗಳು ಉಳಿದಿರುತ್ತವೆ.