ನಕ್ಷೆಯೂ ಒಂದು ಲಿಪಿ



ಭಾಷೆ ಕಲಿಸುವವರು ವಿದ್ಯುತ್ ನಕ್ಷೆಯ ಬಗ್ಗೆ ಮಾತನಾಡುವುದು ನಿಮಗೆ ಆಶ್ಚರ್ಯ ಎನಿಸಬಹುದು. ಆದರೆ ನಕ್ಷೆಯೂ ಒಂದು ಲಿಪಿಯೇ. ಉರ್ದುವಿನ ಜೀಮ್, ಚೇ, ಹೇ, ಖೇ ಅಕ್ಷರಗಳ ಆಕಾರ ಒಂದೇ. ನುಕ್ತಾ ಬದಲಾದರೆ ಅಕ್ಷರವೇ ಬೇರೆ. ಇಲ್ಲಿಯೂ ಹಾಗೆಯೇ.

ಐಇಸಿ 60617 ಎಂಬ ಅಂತರರಾಷ್ಟ್ರೀಯ ಮಾನದಂಡದ ಚಿಹ್ನೆಗಳನ್ನು ನೋಡಿ. ತಂತಿಯ ಗೆರೆ ತುಂಡಾಗಿ, ಅರೆತೆರೆದ ಬಾಗಿಲಿನಂತೆ ಓರೆಗೆರೆ ಇದ್ದರೆ ಅದು ಸ್ವಿಚ್. ಅದರ ಎದುರಿನ ತುದಿಯಲ್ಲಿ ಚಿಕ್ಕ ಅಡ್ಡಗೆರೆ ಇದ್ದರೆ ಐಸೊಲೇಟರ್. ಅರ್ಧವೃತ್ತ ಇದ್ದರೆ ಕಾಂಟ್ಯಾಕ್ಟರ್. ಗುಣಾಕಾರದ × ಗುರುತು ಇದ್ದರೆ ಸರ್ಕ್ಯೂಟ್ ಬ್ರೇಕರ್. ಬರೀ ಅಡ್ಡಗೆರೆಯ ಐಸೊಲೇಟರನ್ನು ಲೋಡ್ ಇರುವಾಗ ತೆರೆಯುವಂತಿಲ್ಲ. ಶಾರ್ಟ್ ಸರ್ಕ್ಯೂಟಿನ ಭಾರೀ ಪ್ರವಾಹವನ್ನೂ ಕಡಿಯಬಲ್ಲದ್ದು × ಗುರುತಿನದು. ಈ ಚಿಕ್ಕ ಗುರುತನ್ನು ತಪ್ಪಾಗಿ ಓದಿದರೆ ಪ್ರಾಣಕ್ಕೇ ಅಪಾಯ.

ಬ್ರೇಕರ್ ಚಿಹ್ನೆಯ ಜೊತೆ ಎರಡು ಪುಟ್ಟ ಚೌಕಗಳಿರುವುದುಂಟು. ಒಂದರಲ್ಲಿ ಚೌಕವಾಗಿ ಮಡಚಿದ ಗೆರೆ: ಇದು ಉಷ್ಣದ ರಕ್ಷಣೆ. ಓವರ್‌ಲೋಡ್ ಆದಾಗ ಒಳಗಿನ ಬೈಮೆಟಲ್ ಪಟ್ಟಿ ನಿಧಾನವಾಗಿ ಕಾದು ಬಾಗುತ್ತದೆ. ಇನ್ನೊಂದರಲ್ಲಿ ಪ್ರವಾಹವನ್ನು ಸೂಚಿಸುವ 'ಐ' ಅಕ್ಷರ, ಪಕ್ಕದಲ್ಲಿ 'ಹೆಚ್ಚು' ಎನ್ನುವ ಗಣಿತದ > ಗುರುತು: ಇದು ಅಯಸ್ಕಾಂತದ ರಕ್ಷಣೆ. ಶಾರ್ಟ್ ಆದ ಕ್ಷಣದಲ್ಲೇ ಕೆಲಸ ಮಾಡುತ್ತದೆ. ಎಂಸಿಬಿಯ ಮೇಲೆ 'ಸಿ 16' ಎಂದಿದ್ದರೆ, 16 ಆಂಪಿಯರ್ ಅದರ ಮಿತಿ. 'ಸಿ' ಎಂದರೆ ಅದರ 5ರಿಂದ 10 ಪಟ್ಟು ಪ್ರವಾಹದ ನಡುವೆ ಅಯಸ್ಕಾಂತ ಎಳೆಯುತ್ತದೆ. 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೈಮೆಟಲ್ ಟ್ರಿಪ್ ಮಾಡಲೇಬೇಕು.

ಇದನ್ನು ನಾನು ಕಲಿತದ್ದು ತಡವಾಗಿ. ನಮ್ಮ ಮನೆಯಲ್ಲಿ ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತಿತ್ತು. ರಿಪೇರಿಗೆ ಬಂದವರು 16ರದನ್ನು ತೆಗೆದು 32ರದನ್ನು ಹಾಕಿಕೊಟ್ಟರು. ತೊಂದರೆ ತಪ್ಪಿತೆಂದು ನಾವು ಸಂತೋಷಪಟ್ಟೆವು. ಕೆಲವೇ ವಾರಗಳಲ್ಲಿ ಗೋಡೆಯಿಂದ ಸುಟ್ಟ ವಾಸನೆ ಬಂತು. ಒಳಗಿನ ತಂತಿಯ ಹೊದಿಕೆ ಕರಗಿತ್ತು. ಅದೇ ಗೋಡೆಗೆ ತಾಗಿ ಮಕ್ಕಳು ಮಲಗುತ್ತಿದ್ದರು. ತಂತಿ ಹಳೆಯದೇ ಇತ್ತು. ಅದನ್ನು ಕಾಯುವವನನ್ನು ಮಾತ್ರ ನಾವು ಬದಲಾಯಿಸಿದ್ದೆವು.

ಪಂಪ್‌ಸೆಟ್ ಸ್ಟಾರ್ಟರಿನ ಓವರ್‌ಲೋಡ್ ರಿಲೇಯದೂ ಇದೇ ಪಾಠ. ನಕ್ಷೆಯಲ್ಲಿ ಅದರ 95–96 ಸಂಪರ್ಕವನ್ನು ಹುಡುಕಿ. ರಿಲೇ ತಾನೇ ಮೋಟಾರಿನ ಪ್ರವಾಹವನ್ನು ಕಡಿಯುವುದಿಲ್ಲ. ಆ ಸಂಪರ್ಕ ತೆರೆದು ಕಾಂಟ್ಯಾಕ್ಟರಿನ ಕಾಯಿಲನ್ನು ಬಿಡಿಸುತ್ತದೆ. ಶಾರ್ಟ್ ಸರ್ಕ್ಯೂಟಿಗೆ ಬೇರೆ ಫ್ಯೂಸ್ ಅಥವಾ ಬ್ರೇಕರ್ ಬೇಕೇ ಬೇಕು. ಮೋಟಾರ್ ನಿಂತುಹೋಗುತ್ತದೆಂದು ರಿಲೇಯ ಡಯಲನ್ನು ಸುಮ್ಮನೆ ಏರಿಸಬೇಡಿ.

ಮಿತ್ರರೇ, ಇಂದು ಮನೆಗೆ ಹೋದ ಮೇಲೆ ನಿಮ್ಮ ಎಂಸಿಬಿ ಮೇಲಿನ ಬರಹವನ್ನು ಕೈ ಹಾಕದೆ ಕಣ್ಣಿನಿಂದಲೇ ಓದಿ. ಅದು ಮತ್ತೆ ಮತ್ತೆ ಟ್ರಿಪ್ ಆದರೆ ಕಾರಣ ಹುಡುಕಿಸಿ.